ಪತ್ತೇದಾರನಿಗೆ ನನ್ನ ಮೂಗು

ನನ್ನ ಹೆಂಡತಿಗೆ ಒಬ್ಬ ಪತ್ತೇದಾರನ ಮೇಲೆ ಮನಸ್ಸಿದೆ. ಅವನು ಟೀವಿ ಧಾರಾವಾಹಿಯಲ್ಲಿದ್ದಾನೆ, ಅಥವಾ ಇದ್ದ. ಕೊನೆಯ ಕಂತಿನಲ್ಲಿ ಸೇತುವೆಯಿಂದ ಬಿದ್ದು ಸತ್ತ. ಅವತ್ತು ನಮ್ಮ ಮನೆಯಲ್ಲಿ ಒಲೆ ಹಚ್ಚಲಿಲ್ಲ. ನನಗೆ ಟೈಫಾಯ್ಡ್ ಬಂದು ಹಾಸಿಗೆ ಹಿಡಿದಾಗ ಹೊತ್ತು ಹೊತ್ತಿಗೆ ಅಡುಗೆಯಾಗಿತ್ತು. ಇದನ್ನು ನಾನು ಎತ್ತಿ ಆಡಿಲ್ಲ, ಗಮನಿಸಿದ್ದೇನೆ ಅಷ್ಟೇ.

ಸತ್ತವನ ಚಿತ್ರವನ್ನು ಅವಳು ಟ್ಯಾಬಿನಲ್ಲಿ ಬರೆಯಲು ಶುರುಮಾಡಿದಳು. ಇದಕ್ಕೆ ಫ್ಯಾನ್ ಆರ್ಟ್ ಎನ್ನುತ್ತಾರಂತೆ. ಕನ್ನಡಕದಂಗಡಿಯ ಕೆಲಸ ಮುಗಿಸಿ ಸಂಜೆ ನನ್ನ ಸಲೂನಿಗೆ ಬಂದು, ಗಿರಾಕಿಗಳು ಕಾಯುವ ಬೆಂಚಿನ ತುದಿಯಲ್ಲಿ ಕೂತು, ಪ್ಲಾಸ್ಟಿಕ್ ಪೆನ್ನಿನಿಂದ ಅವನ ಕೆನ್ನೆ ಸವರುತ್ತಿದ್ದಳು. ನಾನು ಬೆನ್ನು ಹಾಕಿ ಇನ್ನೊಬ್ಬರ ಕೆನ್ನೆ ಕೆರೆಯುತ್ತಿದ್ದೆ. ಹೊಟ್ಟೆಯೊಳಗೆ ಏನಾಗುತ್ತಿತ್ತು ಎಂದು ಕೇಳಬೇಡಿ. ಕೇಳಿದರೆ ಹೇಳಿಬಿಡುತ್ತೇನೆ: ಹೊಟ್ಟೆಕಿಚ್ಚು.

ಚಿತ್ರವನ್ನು ಧಾರಾವಾಹಿಯ ಅಭಿಮಾನಿಗಳ ಗುಂಪಿಗೆ ಹಾಕಿದಳು. ಮೇಣದ ಗೊಂಬೆ ಚೆನ್ನಾಗಿದೆ ಎಂದರಂತೆ ಅಲ್ಲಿನವರು. ಇದಕ್ಕೆ ಜೀವ ಯಾವಾಗ ಬರುತ್ತೆ ಎಂದು ಇನ್ಯಾರೋ ಕೇಳಿದರಂತೆ. ಅವಳು ಮುಖ ಸಣ್ಣ ಮಾಡಿಕೊಂಡು ಟ್ಯಾಬನ್ನು ನನ್ನ ಮುಂದೆ ಹಿಡಿದಳು. ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ. ಈ ಬೆಟ್ಟ ಹತ್ತಿರ ಹಿಡಿದರೂ ನುಣ್ಣಗೇ ಇತ್ತು. ಅರ್ಧ ಮುಖ ಬರೆದು, ಉಳಿದರ್ಧಕ್ಕೆ ಅದನ್ನೇ ಎಡಬಲ ಮಾಡಿ ಅಂಟಿಸಿದ್ದಳು. ಚರ್ಮಕ್ಕೆಲ್ಲ ಒಂದೇ ಬಣ್ಣ. ಇಂಥವನಿಗೆ ಕ್ಷೌರ ಮಾಡಲು ಕತ್ತಿ ಬೇಡ, ಒದ್ದೆ ಬಟ್ಟೆ ಸಾಕು ಎಂದೆ.

ತಮಾಷೆಗೆ ಹೇಳಿದ್ದು. ಅವಳು ನನ್ನನ್ನೇ ಗಿರಾಕಿಯ ಕುರ್ಚಿಯಲ್ಲಿ ಕೂರಿಸಿ, ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. ಮದುವೆಯ ಹೊಸದರಲ್ಲೂ ಅವಳು ನನ್ನನ್ನು ಅಷ್ಟು ಹೊತ್ತು ನೋಡಿದ್ದಿಲ್ಲ. ನನಗೆ ಹಿತವಾಯಿತು. ಆದರೆ ಅವಳು ತೆಗೆದುಕೊಂಡದ್ದು ಏನನ್ನು? ಎಡಗಣ್ಣಿನ ಜೋತ ರೆಪ್ಪೆ. ಚಿಕ್ಕಂದಿನಲ್ಲಿ ಬಾಗಿಲಿಗೆ ಬಡಿದು ಸೊಟ್ಟಗಾದ ಮೂಗು. ಕಣ್ಣ ಕೆಳಗಿನ ನೀಲಿ ಚೀಲ, ಮೂಗಿನ ತುದಿಯ ಕೆಂಪು, ಬೆಳಿಗ್ಗೆ ಬೋಳಿಸಿದ ಗಡ್ಡ ಸಂಜೆಗೆ ದವಡೆಯ ಮೇಲೆ ಬಿಡುವ ಹಸಿರು ಛಾಯೆ. ಕೆಳರೆಪ್ಪೆಯ ಅಂಚಿನ ಒದ್ದೆಯನ್ನೂ ಬಿಡಲಿಲ್ಲ. ದಿನಾ ಸಂಜೆ ಹೀಗೇ. ಕುಂದುಗಳೆಲ್ಲ ನನ್ನವು, ಹೆಸರು ಮಾತ್ರ ಅವನದು.

"ಅವನ ಮುಖದಲ್ಲಿ ನಂದು ಅಂತ ಏನಾದ್ರೂ ಕಾಣುತ್ತಾ?" ಎಂದು ಒಂದು ಸಂಜೆ ಕೇಳಿಯೇಬಿಟ್ಟೆ.

"ಎಲ್ಲಾ ನಿಮ್ದೇ ಅಲ್ವಾ," ಎಂದಳು ತಲೆ ಎತ್ತದೆ. "ಅವನದು ಅಂತ ಉಳಿದಿರೋದು ಕೋಟು, ಟೋಪಿ."

ನನಗಂತೂ ಕಾಣಲಿಲ್ಲ. ನನ್ನ ಮುಖ ನನಗೆ ಗೊತ್ತಿಲ್ಲವೇ? ಬೆಳಗಿನಿಂದ ಸಂಜೆಯವರೆಗೆ ಗೋಡೆಯ ಕನ್ನಡಿಯಲ್ಲಿ, ಗಿರಾಕಿಯ ತುಂಬು ಕೂದಲಿನ ಮೇಲೆ, ನನ್ನ ಬಕ್ಕ ತಲೆ ಸಮೇತ ಅದೇ ಮುಖ ಎದುರಿಗಿರುತ್ತದೆ. ಟ್ಯಾಬಿನಲ್ಲಿದ್ದವನು ಬೇರೆ. ಬಿಡಿಬಿಡಿಯಾಗಿ ಕಣ್ಣು ಮೂಗು ನನ್ನವೇ ಇರಬಹುದು; ಒಟ್ಟು ಸೇರಿದಾಗ ಯಾರೋ ದಣಿದ, ಒಳ್ಳೆಯ, ನೋಡಲು ಅಡ್ಡಿಯಿಲ್ಲದ ಗಂಡಸು. ಅಂಥವನ ಮೇಲೆ ಯಾರಿಗಾದರೂ ಮನಸ್ಸಾಗುತ್ತದೆ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಹಳೆಯ ಮಾತು. ಇಲ್ಲಿ ಹಿತ್ತಲ ಗಿಡವನ್ನೇ ಅರೆದು ಪರಗಂಡಸಿಗೆ ಮದ್ದು ಮಾಡಿದ್ದಳು. ನನಗೆ ನಿಜವಾಗಿಯೂ ದುಃಖವಾಯಿತು.

ಗಿರಾಕಿ ಮೇಷ್ಟ್ರು ಬೆಂಚಿನಲ್ಲಿ ಕಾಯುತ್ತ ಟ್ಯಾಬಿನೊಳಗೆ ಇಣುಕಿ, ನಿಮ್ಮನ್ನೇ ತಂದು ಕೂರಿಸಿದ ಹಾಗಿದೆಯಲ್ಲ ಎಂದರು. ಮೇಷ್ಟ್ರು ಒಳ್ಳೆಯವರು, ಫೇಲಾದ ಮಕ್ಕಳಿಗೂ ಹೀಗೇ ಏನಾದರೂ ಹೇಳುತ್ತಾರೆ. ಅವರನ್ನು ಕುರ್ಚಿಗೆ ಕರೆದು ಮುಖಕ್ಕೆ ನೊರೆ ಬಳಿದೆ.

ಒಂದು ಕೆನ್ನೆ ಮುಗಿಯುವಷ್ಟರಲ್ಲಿ ಅವಳ ಚಿತ್ರವೂ ಮುಗಿಯಿತು. ಗುಂಪಿಗೆ ಹಾಕುವ ಮೊದಲು ಕನ್ನಡಿಯಲ್ಲೊಮ್ಮೆ ನೋಡಬೇಕು ಎಂದು ಎದ್ದು ಬಂದಳು. ಚಿತ್ರ ಬರೆಯುವವರ ಪದ್ಧತಿ ಅದು: ನೋಡಿ ನೋಡಿ ಒಗ್ಗಿದ ಕಣ್ಣಿಗೆ ತಪ್ಪು ಕಾಣುವುದಿಲ್ಲ, ಎಡಬಲ ಅದಲುಬದಲಾದರೆ ಥಟ್ಟನೆ ಕಾಣುತ್ತದೆ. ಹಳೆಯ ಮೇಣದ ಗೊಂಬೆಯನ್ನೂ ಹೀಗೆ ಹಿಡಿದು ನೋಡಿದ್ದಳು. ಅದರ ಎರಡು ಅರ್ಧಗಳೂ ಒಂದೇ ಆದ್ದರಿಂದ ಏನೂ ಬದಲಾಗಿರಲಿಲ್ಲ.

ನನ್ನ ಹೆಗಲ ಪಕ್ಕ ಟ್ಯಾಬನ್ನು ಕನ್ನಡಿಗೆ ಎದುರಾಗಿ ಹಿಡಿದಳು. ಕನ್ನಡಿಯಲ್ಲಿ ನನ್ನ ಮುಖದವರು ಇಬ್ಬರಿದ್ದರು. ಒಬ್ಬನ ಕೈಯಲ್ಲಿ ಕತ್ತಿ, ಇನ್ನೊಬ್ಬನ ತಲೆಯ ಮೇಲೆ ಟೋಪಿ. ಅದೇ ರೆಪ್ಪೆ, ಅದೇ ಕಡೆಗೆ ಸೊಟ್ಟ ಮೂಗು. ತಿರುಗಿ ಟ್ಯಾಬನ್ನೇ ನೋಡಿದೆ: ಪತ್ತೇದಾರ. ಕನ್ನಡಿಯಲ್ಲಿ ನೋಡಿದೆ: ನಾನು. ಮತ್ತೆ ತಿರುಗಿದೆ. ಮೇಷ್ಟ್ರು ನೊರೆಯೊಳಗಿಂದ, ಕತ್ತಿಯನ್ನಾದರೂ ಕೆಳಗಿಡಿ ಎಂದು ಕೇಳಿಕೊಂಡರು.

ಕೆಳಗಿಟ್ಟೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ. ನನಗೆ ಎರಡು ಬೇಕಾದವು. ಗಿರಾಕಿಗಳಿಗೆ ಹಿಂದಲೆ ತೋರಿಸುವ ಕೈಗನ್ನಡಿಯನ್ನು ತೆಗೆದು, ಗೋಡೆಯ ಕನ್ನಡಿಗೆ ತಾಗಿಸಿ, ಅರ್ಧ ತೆರೆದ ಪುಸ್ತಕದ ಹಾಗೆ ಹಿಡಿದೆ. ಎರಡೂ ಸೇರುವ ಮೂಲೆಯಲ್ಲಿ ಮುಖ ಎಡಬಲವಾಗದೆ, ಎದುರಿಗಿದ್ದವರಿಗೆ ಕಾಣುವಂತೆಯೇ ಕಾಣುತ್ತದೆ. ಇಷ್ಟು ವರ್ಷದಲ್ಲಿ ನಾನು ಅಲ್ಲಿ ಇಣುಕಿರಲಿಲ್ಲ. ಆ ದಣಿದ, ನೋಡಲು ಅಡ್ಡಿಯಿಲ್ಲದ ಗಂಡಸು ಅಲ್ಲಿ ನಿಂತಿದ್ದ.

ಇವಳು ದಿನಾ ನೋಡುತ್ತಿದ್ದುದು ಇವನನ್ನು. ನನಗೆ ಗೊತ್ತಿರುವ ನನ್ನನ್ನು ಇವಳು ಒಂದು ದಿನವೂ ನೋಡಿದವಳಲ್ಲ. ನನ್ನ ಕಣ್ಣಲ್ಲಿ ನೀರು ಬಂತು, ಕೆಳರೆಪ್ಪೆಯ ಅಂಚಿನಲ್ಲಿ, ಅವಳು ಬರೆದಿದ್ದಲ್ಲೇ.

"ತಪ್ಪೇನಾದ್ರೂ ಕಂಡಿತಾ ರೀ?" ಎಂದಳು.

"ಟೋಪಿ," ಎಂದೆ. "ಟೋಪಿ ನಂದಲ್ಲ."

ಟೋಪಿಯನ್ನು ಅವಳು ಬೇರೆಯೇ ಒಂದು ಪದರದಲ್ಲಿ, ಮೇಲಿಟ್ಟ ಹಾಗೆ ಬರೆದಿದ್ದಳಂತೆ. ಬೆರಳಿನಿಂದ ಎಲ್ಲೋ ಒತ್ತಿದಳು, ಅದು ಹೋಯಿತು. ಅದರಡಿಯಲ್ಲಿ ನನ್ನ ಬಕ್ಕ ತಲೆ ಆಗಲೇ ಇತ್ತು, ನೆತ್ತಿಯ ಹೊಳಪು, ಕಿವಿಯ ಮೇಲೆ ಉಳಿದ ನಾಲ್ಕು ಕೂದಲು ಎಲ್ಲ ಸಮೇತ. ಅದನ್ನು ಬರೆಯುವ ಅಗತ್ಯ ಯಾವ ಅಭಿಮಾನಿಗೂ ಇರಲಿಲ್ಲ.