ಮಾತಿನ ಬಾಲ

"ಅಮ್ಮಾ, ಗಾಬರಿ ಆಗ್ಬೇಡ. ಇಸ್ತ್ರಿ ಮಿಷನ್ನಿಗೆ ನನ್ನ ಬಲಗೈ..."

ಅಷ್ಟಕ್ಕೇ ಲೈನು ಕಡಿಯಿತು.

ಅಡುಗೆಮನೆಯ ಮೇಜಿನ ಮುಂದೆ ಹುರುಳಿಕಾಯಿ ಮುರಿಯುತ್ತಿದ್ದ ಅತ್ತೆಯ ಕೈ ಹಾಗೇ ನಿಂತಿತು. ಮಗಳು ಪ್ರಯಾಣಿಕರ ಹಡಗೊಂದರಲ್ಲಿ ಬಟ್ಟೆ ಒಗೆಯುವ ಕೆಲಸಕ್ಕಿದ್ದಳು. ನಡುಗಡಲಿನಲ್ಲಿ ಇಂಟರ್‌ನೆಟ್ಟು ಬಂದರೆ ಬಂತು, ಹೋದರೆ ಹೋಯಿತು. ಅದಕ್ಕೆಂದೇ ಹಡಗಿನ ಕೆಲಸಗಾರರು ತಾವೇ ಸೇರಿ ಪುಕ್ಕಟೆ ಕರೆಯ ಆ್ಯಪ್ ಒಂದನ್ನು ಮಾಡಿಕೊಂಡಿದ್ದರು. ಲೈನು ಹೋದ ಮೇಲೂ ಆಡಿದ ಮಾತನ್ನು ಅದು ಹಿಡಿದಿಟ್ಟುಕೊಂಡು, ಲೈನು ಮರಳಿದೊಡನೆ ಇತ್ತ ಕಳಿಸುತ್ತಿತ್ತು. ಹೀಗೆ ಹಿಂದಿನಿಂದ ತೆವಳಿಕೊಂಡು ಬರುವ ಮಾತಿಗೆ ಅತ್ತೆ 'ಬಾಲ' ಎಂದು ಹೆಸರಿಟ್ಟಿದ್ದರು.

"ಇರು, ಬಾಲ ಬರ್ಲಿ," ಎಂದು ಅತ್ತೆ ಪಕ್ಕದಲ್ಲಿದ್ದ ಸೊಸೆಗೆ ಹೇಳಿ ಫೋನನ್ನೇ ದಿಟ್ಟಿಸಿದರು.

ಬಾಲ ಬರಲಿಲ್ಲ. ಪರದೆಯ ಮೇಲೆ ಒತ್ತೊತ್ತಾಗಿ ಅಕ್ಷರಗಳು ಮೂಡಿದವು. "ಏನೋ ಬಂತು, ಓದೇ," ಎಂದು ಸೊಸೆಯತ್ತ ಚಾಚಿದರು.

ಪೇಟೆಂಟ್ ಉಲ್ಲಂಘನೆಯ ದೂರಿನ ಮೇರೆಗೆ ಆ್ಯಪ್ ನಿಲ್ಲಿಸಲಾಗಿದೆ ಎಂದಿತ್ತು. ಕೆಳಗೆ ಪೇಟೆಂಟಿನ ಮಾತು: 'ಯಾವುದೇ ಸಾಧನದಲ್ಲಿ, ಯಾವುದೇ ಜಾಲದ ಮೂಲಕ, ವಿಚ್ಛಿನ್ನ ಧ್ವನಿಖಂಡಗಳ ಸಂರಕ್ಷಣೆ ಹಾಗೂ ವಿಳಂಬಿತ ರವಾನೆ...'

ಸೊಸೆ ಅದನ್ನು ಇನ್ನೊಮ್ಮೆ ಓದಿದಳು. ಆ ವಾಕ್ಯ ಅವಳದೇ.

ಇಂಟರ್‌ನೆಟ್ ಕರೆಗಳ ಕಂಪನಿಯೊಂದರಲ್ಲಿ ಪೇಟೆಂಟ್ ಬರೆಯುವುದು ಅವಳ ಕೆಲಸ. ಎಂಜಿನಿಯರುಗಳು ಗೀಚಿ ಕೊಟ್ಟ ಎರಡು ಸಾಲಿಗೆ ಅವಳು ಕೋಟು, ಟೊಪ್ಪಿಗೆ ತೊಡಿಸಿ, ಹೆತ್ತವರಿಗೂ ಗುರುತು ಸಿಗದಂತೆ ಮಾಡುತ್ತಿದ್ದಳು. "ಬಲೆ ಅಂದ್ರೆ ಹೀಗಿರ್ಬೇಕು, ಮರಿಮೀನೂ ತಪ್ಪಬಾರದು," ಎಂದು ಮುಖ್ಯಸ್ಥರು ಈ ವಾಕ್ಯಕ್ಕೇ ಗಾಜಿನ ಫಲಕ ಕೊಟ್ಟಿದ್ದರು. ಅದನ್ನು ಅತ್ತೆ, ಬಾಗಿಲು ಗಾಳಿಗೆ ಬಡಿಯದಂತೆ ಅಡ್ಡ ಇಟ್ಟಿದ್ದರು. ಬರೆಯುವಾಗ ಇದನ್ನೆಲ್ಲೋ ಕಂಡಿದ್ದೇನಲ್ಲ ಎಂಬ ಅನುಮಾನ ಒಮ್ಮೆ ಸುಳಿದಿತ್ತು. ನೊಣ ಓಡಿಸಿದಂತೆ ಓಡಿಸಿದ್ದಳು.

"ಆ್ಯಪ್ ಮುಚ್ಚಿಸಿದಾರೆ, ಅತ್ತೆ."

"ಯಾವ ಪುಣ್ಯಾತ್ಮರು?"

"ನಮ್ಮ ಕಂಪನಿಯೋರು. ಅದನ್ನ ಕಂಡುಹಿಡಿದೋರು ತಾವೇ ಅಂತ."

ಅತ್ತೆ ಎದ್ದು ನಿಂತರು. "ಬಾಲ ನಿಮ್ಮ ಕಂಪನಿಯೋರ ಅಪ್ಪನ ಮನೆ ಆಸ್ತಿಯಾ? ನೀನು ಆ ಕಂಪನಿ ಹೊಸಿಲು ತುಳಿಯೋಕೆ ಮುಂಚೆನೇ ಈ ಮನೇಲಿ ಬಾಲ ಬರ್ತಿತ್ತು ಕಣೇ. ನೀನೂ ಕೂತು ಕೇಳಿ ನಕ್ಕಿದೀಯ."

"ಹೌದು, ಅತ್ತೆ. ಬರೆದುಕೊಟ್ಟಿದ್ದು ನಾನೇ."

ಅತ್ತೆ ಹುರುಳಿಕಾಯಿಯ ಬುಟ್ಟಿಯನ್ನು ಮೇಜಿನ ಮೇಲೇ ಬಿಟ್ಟು ಒಳಗೆ ಹೋದರು. ಬಯ್ದಿದ್ದರೆ ಎಷ್ಟೋ ವಾಸಿಯಿತ್ತು.

ಹಡಗು ಮುಂದಿನ ಬಂದರು ಮುಟ್ಟುವವರೆಗೂ ಆ ತಾಯಿ ಅರ್ಧ ವಾಕ್ಯದ ಜೊತೆ ಬದುಕಿದರು. ಉಣ್ಣಲು ಕೂತಾಗ ತಮ್ಮ ಬಲಗೈಯನ್ನೇ ನೋಡಿಕೊಳ್ಳುತ್ತಿದ್ದರು. ಮಗ ಹಡಗಿನ ಕಚೇರಿಗೆ ಫೋನ್ ಮಾಡಿ ಮಾಡಿ ಸೋತ. ಕೊನೆಗೆ ಬಂದರಿನ ಆಸ್ಪತ್ರೆಯಿಂದ ಸುದ್ದಿ ಬಂತು: ಜೀವಕ್ಕೆ ಅಪಾಯವಿಲ್ಲ, ಎರಡು ಬೆರಳು ಹೋಗಿವೆ.

ಅಂದು ಅತ್ತೆ, ಮಡಚಿಟ್ಟ ಹೊದಿಕೆಗಳ ನಡುವಿನಿಂದ ಗಾಜು ಬಿರಿದ ಹಳೆಯ ಫೋನೊಂದನ್ನು ತೆಗೆದರು. ಮಗಳ ದನಿ ಇದೆಯೆಂದು ಎಸೆಯದೆ ಉಳಿಸಿಕೊಂಡಿದ್ದರು. ಚಾರ್ಜಿಗೆ ಹಾಕಿ, ಅದರಲ್ಲೇ ಉಳಿದಿದ್ದ ಬಾಲವೊಂದನ್ನು ಹುಡುಕಿ ಒತ್ತಿದರು. ದಿನಾಂಕವೂ ಅಲ್ಲೇ ಕಾಣುತ್ತಿತ್ತು. ಪೇಟೆಂಟಿಗೆ ಅರ್ಜಿ ಹಾಕುವುದಕ್ಕಿಂತ ಎಷ್ಟೋ ಹಿಂದಿನದು.

"...ಅತ್ತಿಗೆ, ಕೆಲಸ ಸಿಕ್ತಂತೆ! ದೊಡ್ಡ ಕಂಪನಿ ಅಂತ ನಮ್ಮನ್ನ ಮರೀಬೇಡಿ ಮತ್ತೆ. ಅಯ್ಯೋ, ಲೈನ್ ಹೋಯ್ತು ಅನ್ಸತ್ತೆ. ಹೋಗ್ಲಿ ಬಿಡಿ, ಬಾಲ ಬರತ್ತೆ."

ಮರುದಿನ ಸೊಸೆ ಆ ಫೋನನ್ನು ಮುಖ್ಯಸ್ಥರ ಮೇಜಿನ ಮೇಲಿಟ್ಟು ಕೇಳಿಸಿದಳು. ಅವರು ಎದ್ದು ಬಾಗಿಲು ಹಾಕಿ ಬಂದರು.

"ನೋಡಮ್ಮಾ, ನನ್ನ ಮೊದಲ ಕಂಪನಿ ನೆಲಕಚ್ಚಿದ್ದು ಯಾಕೆ ಗೊತ್ತಾ? ನಾವು ಮೈಮುರಿದು ಮಾಡಿದ್ದನ್ನ ದೊಡ್ಡೋರು ಬಂದು ಎತ್ಕೊಂಡು ಹೋದ್ರು. ಪೇಟೆಂಟ್ ಇರ್ಲಿಲ್ಲ. ಅರ್ಧ ಜನ ಬೀದಿಗೆ ಬಿದ್ರು. ಬೇಲಿ ಇಲ್ದಿದ್ರೆ ಹೊಲ ದನದ ಪಾಲು."

"ನಿಮ್ಮ ಹೊಲಕ್ಕೆ ಬೇಲಿ ಹಾಕಿ ಸರ್, ಯಾರು ಬೇಡ ಅಂದೋರು? ಇದು ಊರ ಬಾವಿ. ಊರ ಬಾವಿಗೆ ಬೀಗ ಹಾಕಿ ನೀರು ಮಾರ್ತಿದೀವಿ."

"ಅವರೂ ನಮ್ಮ ಸೇವೆಗೆ ಚಂದಾ ಕಟ್ಟಲಿ. ಎಲ್ರೂ ಬಳಸ್ತಿದ್ರು, ಯಾರೂ ಬರೆಸಿರ್ಲಿಲ್ಲ. ನಾವು ಬರೆಸಿದ್ವಿ. ಮೊದಲೇ ಇತ್ತು ಅಂತ ಸಾಬೀತು ಮಾಡಿ ಪೇಟೆಂಟ್ ರದ್ದು ಮಾಡ್ಸೋಕೆ ಬಟ್ಟೆ ಒಗೆಯೋರಿಗೆ ಆಗತ್ತಾ?" ದನಿ ತಗ್ಗಿಸಿದರು. "ನೀವು ಈ ಫೋನ್ ನೋಡಿಲ್ಲ. ನಾನೂ ನೋಡಿಲ್ಲ. ಒಳಗಿಟ್ಕೊಳ್ಳಿ."

ಅವಳು ಫೋನನ್ನು ಮೇಜಿನ ಮೇಲಿಂದ ಎತ್ತಿಕೊಂಡಳು. "ಬಟ್ಟೆ ಒಗೆಯೋರು ಕಟ್ಟಿದ್ದನ್ನ ಕದ್ದು, ಅವರ ಬಾಯಿಗೇ ಬಟ್ಟೆ ತುರುಕಿದ್ವಿ ಸರ್! ಅಲ್ಲೊಬ್ಬಳ ಕೈ ಮಿಷನ್ನಿಗೆ ಸಿಕ್ಕಿತ್ತು. ಇಲ್ಲಿ ಅವಳಮ್ಮ ಕೈ ಇದ್ಯಾ ಇಲ್ವಾ ಅಂತ ಗೊತ್ತಿಲ್ದೆ ಕೂತಿದ್ರು. ಅವರ ಬಾಯಿ ಮುಚ್ಚಿಸಿದ ವಾಕ್ಯ ನಂದು. ಫಲಕ ಬೇರೆ ಕೊಟ್ರಿ! ದೂರು ವಾಪಸ್ ತಗೊಳ್ಳಿ. ಇಲ್ಲಾಂದ್ರೆ ನಾನು ಸಾಕ್ಷಿ ಹೇಳ್ತೀನಿ."

"ಕೆಲಸ ಹೋಗತ್ತೆ. ಕಂಪನಿ ಗುಟ್ಟು ಹೊರಗೆ ಹಾಕಿದ್ರೆ ಕೋರ್ಟಿಗೂ ಅಲೀಬೇಕಾಗತ್ತೆ."

"ಕಂಪನಿ ಗುಟ್ಟು ಒಂದನ್ನೂ ಆಡಲ್ಲ. ನಮ್ಮನೆ ಫೋನಲ್ಲಿ ನಮ್ಮನೆ ಮಾತು. ಇದನ್ನಾಡೋಕೆ ನಿಮ್ಮ ಅಪ್ಪಣೆ ಬೇಕಾ?"

ದೂರು ವಾಪಸಾಗಲಿಲ್ಲ. ಆ ವಾರವೇ ಅವಳು ಕುತ್ತಿಗೆಯ ಗುರುತಿನ ಚೀಟಿ ಬಿಚ್ಚಿಟ್ಟು ಬಂದಳು.

ಹಡಗಿನ ಕೆಲಸಗಾರರ ಸಂಘದ ವಕೀಲೆಯ ಕೋಣೆ ಒಂದು ಹೊಲಿಗೆ ಅಂಗಡಿಯ ಮೇಲಿತ್ತು. ಕೆಳಗಿನ ಯಂತ್ರಗಳ ಸದ್ದಿಗೆ ಮೇಜು ಅದುರುತ್ತಿತ್ತು. ಅತ್ತೆ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು.

"ಇದಕ್ಕೆ ಏನಂತೀರಿ, ಅಮ್ಮಾ?" ವಕೀಲೆ ಕೇಳಿದಳು.

"ಬಾಲ."

ವಕೀಲೆ ನಕ್ಕು, ಪೆನ್ನನ್ನು ಸೊಸೆಯತ್ತ ಸರಿಸಿದಳು. "ಬರೆಯೋದ್ರಲ್ಲಿ ನೀವು ಪಳಗಿದೋರು. ನಿಮ್ಮ ಹೇಳಿಕೆ ನೀವೇ ಬರೀರಿ."

ಅವಳ ಕೈ ಅಭ್ಯಾಸಬಲದಿಂದ 'ವಿಚ್ಛಿನ್ನ' ಎಂದು ಬರೆದೇಬಿಟ್ಟಿತು. ಒಂದು ಗಳಿಗೆ ಅದನ್ನೇ ನೋಡಿದಳು. ಹಾಳೆ ಹರಿಯುವಂತೆ ಅದನ್ನು ಹೊಡೆದುಹಾಕಿ, ಕೆಳಗೆ ಬರೆದಳು:

'ಲೈನು ಕಡಿದಾಗ ಉಳಿದ ಮಾತು ಆಮೇಲೆ ಬರುತ್ತಿತ್ತು. ನಾನು ಕಂಪನಿಗೆ ಸೇರುವ ಮೊದಲೇ ಬರುತ್ತಿತ್ತು. ನನ್ನ ಕಿವಿಯಾರೆ ಕೇಳಿದ್ದೇನೆ.'

ಅತ್ತೆ ಕನ್ನಡಕ ಏರಿಸಿ, ಬೆರಳಿಟ್ಟು, ನಿಧಾನವಾಗಿ ಅಷ್ಟನ್ನೂ ಓದಿದರು.

"ಹ್ಞಾಂ," ಎಂದರು. "ಇದು ಅರ್ಥವಾಯ್ತು."