ಬೆಂಚಿನ ಸರದಿ

ಇಂಗ್ಲಿಷಿನಲ್ಲಿ ಆ ಒಂಟಿ ಅಕ್ಷರದ ‘ಎ’ ಇದೆಯಲ್ಲ, ಅದರ ಮನೆ ಹಾಳಾಗ! ವರ್ಷವಿಡೀ ‘ಎ ಗುಡ್ ಬಾಯ್’, ‘ಎ ಬಿಗ್ ಹೌಸ್’ ಎಂದು ತಾನೇ ಮುಂದೆ ನಿಂತು ಮೆರೆಯುತ್ತದೆ. ‘ಸಚ್’, ‘ವಾಟ್’, ‘ಮೆನಿ’ ಇಂಥವರು ಬಂದರೆ ಮಾತ್ರ ಬಾಲ ಮುದುರಿಕೊಂಡು ಹಿಂದೆ ಸರಿಯುತ್ತದೆ. ಯಾಕೆ ಅಂತ ಕೇಳಿದರೆ ಆಶಾರಾಣಿಯ ಹತ್ತಿರ ಉತ್ತರವಿರಲಿಲ್ಲ. ಇವತ್ತು ಹಾಸನದಿಂದ ಬರುವ ಇನ್‌ಸ್ಪೆಕ್ಟರ ಎದುರು ಅವಳು ಅದೇ ಪಾಠ ಮಾಡಬೇಕಿತ್ತು.

ಹೊಳೆನರಸೀಪುರದಲ್ಲಿ ಬಸ್ಸು ಹತ್ತಿದಾಗಿನಿಂದ ಅವಳು ಆ ಪಾಠವನ್ನೇ ಗುನುಗಿಕೊಳ್ಳುತ್ತಿದ್ದಳು. ಅರಕಲಗೂಡು ದಾಟಿ ರಾಮನಾಥಪುರದ ದಾರಿಯಲ್ಲಿರುವ ಆ ಹೈಸ್ಕೂಲಿಗೆ ಅವಳು ಅತಿಥಿ ಶಿಕ್ಷಕಿ. ಬರುವ ವರ್ಷ ಕರೆಯುವುದೋ ಬಿಡುವುದೋ ಇವತ್ತಿನ ವರದಿ ನೋಡಿಕೊಂಡು ಎಂದು ಹೆಡ್‌ಮಾಸ್ಟರ್ ಈಶ್ವರಯ್ಯನವರು ಮುಲಾಜಿಲ್ಲದೆ ಹೇಳಿಬಿಟ್ಟಿದ್ದರು. ಮನೆಯಲ್ಲಿ ಅತ್ತೆ ಬೆಟ್ಟಮ್ಮನದು ದಿನಾ ಒಂದೇ ರಾಗ: “ಅಷ್ಟು ದೂರ ಯಾಕ್ ಓಯ್ತೀಯವ್ವ? ನಮ್ ಗೊಬ್ಬರದಂಗ್ಡೀಲಿ ಕೂತ್ಕೊಂಡ್ರೆ ಆಗಕಿಲ್ವಾ?” ಅಂಗಡಿಯಲ್ಲಿ ಕೂತರೆ ಅವಳು ಬೆಟ್ಟಮ್ಮನ ಸೊಸೆ. ಬೋರ್ಡಿನ ಮುಂದೆ ಮಾತ್ರ ಆಶಾರಾಣಿ ಮಿಸ್. ಅದೂ ಹೋದರೆ ತನ್ನದು ಅಂತ ಹೇಳಿಕೊಳ್ಳಲು ಏನೂ ಉಳಿಯುವುದಿಲ್ಲ ಎಂದು ಅವಳಿಗೆ ಭಯವಿತ್ತು.

ಅದಕ್ಕೇ ಅವಳು ಎಲ್ಲರೂ ಮಾಡುವುದನ್ನೇ ಮಾಡಿದ್ದಳು. ಸಾಹೇಬರು ಬರುತ್ತಾರೆಂದರೆ ಯಾವ ಶಾಲೆಯಲ್ಲಿ ತಾಲೀಮು ನಡೆಯುವುದಿಲ್ಲ ಹೇಳಿ! ಮುಂದಿನ ಬೆಂಚಿನಲ್ಲಿ ಚುರುಕಾದವರನ್ನು ಕೂರಿಸಿ, ಸಾಲಾಗಿ ಒಬ್ಬೊಬ್ಬರಿಗೆ ಒಂದೊಂದು ವಾಕ್ಯ ಹಂಚಿ ಬಾಯಿಪಾಠ ಮಾಡಿಸಿದ್ದಳು. ಮೊದಲು ದಿವ್ಯಾ, ಆಮೇಲೆ ಮಾನಸಾ, ಪ್ರೇಕ್ಷಾ, ಶಶಿಕಿರಣ್. ಓದು ಹತ್ತದವರೆಲ್ಲ ಹಿಂದಕ್ಕೆ. ಅವರಲ್ಲಿ ಸೌಜನ್ಯ ಎಂಬ ಹುಡುಗಿಗೆ ಸುಮ್ಮನೆ ಕೂರುವುದೇ ಗೊತ್ತಿಲ್ಲ. ಉತ್ತರ ಬರಲಿ ಬಿಡಲಿ, ಕೈ ಮೇಲೆ. “ಸಾಹೇಬ್ರು ಇದ್ದಾಗ ಕೈ ಎತ್ತಬೇಡ ಕಣವ್ವ” ಎಂದು ಅವಳಿಗೆ ಬೇರೆಯಾಗಿಯೇ ಹೇಳಿದ್ದಳು. ಹುಡುಗಿ ಮುಖ ಸಣ್ಣದು ಮಾಡಿಕೊಂಡು ತಲೆಯಾಡಿಸಿತ್ತು.

ಇನ್‌ಸ್ಪೆಕ್ಟರ್ ರವೀಂದ್ರ ಬಂದು ಗೋಡೆಯ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಆಶಾರಾಣಿ ಬೆವರು ಒರೆಸಿಕೊಂಡು ಪಾಠ ಶುರು ಮಾಡಿದಳು.

“ಸಚ್ ಹಾಕಿ ಒಂದು ವಾಕ್ಯ ಹೇಳಿ.”

ಬೆಂಚಿನ ಮೊದಲಲ್ಲಿದ್ದವಳು ಎದ್ದಳು. “ಮೆನಿ ಎ ಫಾರ್ಮರ್ ಗ್ರೋಸ್ ಟೊಬ್ಯಾಕೊ!”

ಅಯ್ಯೋ, ಎದ್ದವಳು ಮಾನಸಾ. ಸಚ್ ಹೇಳಬೇಕಾದ ದಿವ್ಯಾ ಎಲ್ಲಿ? ಗಾಬರಿಯಲ್ಲಿ ಆಶಾರಾಣಿಗೆ ಏನೂ ಹೊಳೆಯಲಿಲ್ಲ, ಬಾಯಿ ತನ್ನಷ್ಟಕ್ಕೆ ತಾನೇ “ಮೆನಿ?” ಎಂದು ಕೇಳಿತು.

“ವಾಟ್ ಎ ಬ್ಯೂಟಿಫುಲ್ ಟೆಂಪಲ್!” ಎಂದಳು ಪ್ರೇಕ್ಷಾ, ದೊಡ್ಡಗದ್ದವಳ್ಳಿಯ ದೇವಸ್ಥಾನ ಕಣ್ಣೆದುರೇ ಇದ್ದಂತೆ ಕೈ ಚಾಚಿ. ಹೇಳಿಕೊಟ್ಟಿದ್ದು ಹಾಗೆಯೇ. ಶಶಿಕಿರಣ್ ಆಗಲೇ ಅರ್ಧ ಎದ್ದು ತನ್ನ ಸರದಿಗೆ ಕಾಯುತ್ತಿದ್ದ.

ರವೀಂದ್ರ ಪೆನ್ನು ಕೆಳಗಿಟ್ಟರು. “ಏನ್ ಮೇಡಂ, ಮಕ್ಕಳಿಗೆ ಪಾಠ ಹೇಳಿದ್ದೀರೋ, ಸರದಿ ಹೇಳಿದ್ದೀರೋ?”

ಆಶಾರಾಣಿ ಮುಂದಿನ ಬೆಂಚನ್ನು ನೋಡಿದಳು. “ದಿವ್ಯಾ ಎಲ್ರೋ?” ಎಂದಳು ಅಳುವ ದನಿಯಲ್ಲಿ.

“ಚನ್ರಾಯಪಟ್ಣಕ್ಕೆ ಓಗವ್ಳೆ ಮಿಸ್. ಅವ್ರಕ್ಕನ್ ಮದ್ವೇಲಿ ಅವ್ಳೇ ಕಳಸಗಿತ್ತಿ!”

ಮುಳುಗುವವಳಿಗೆ ಹುಲ್ಲುಕಡ್ಡಿಯೇ ಆಸರೆ. “ಕಳಸ ಹಿಡ್ಕೊಂಡು ಕಳಸಗಿತ್ತಿ ಎಲ್ಲಿ ನಿಲ್ತಾಳೆ?” ಎಂದು ಆಶಾರಾಣಿ ಕೇಳಿದಳು.

“ಹೆಣ್ಣಿನ್ ಮುಂದೆ!”

“ಹೆಣ್ಣನ್ನ ಮಂಟಪಕ್ಕೆ ಕರ್ಕೊಂಡ್ ಬರುವಾಗ ಕಳಸಗಿತ್ತಿಗಿಂತಲೂ ಮುಂದೆ ಯಾರಿರ್ತಾರೆ?”

“ವಾಲಗದೋರು!” ಇಡೀ ಕ್ಲಾಸು ಕೂಗಿತು.

“ಹಂಗಾದ್ರೆ ‘ಎ’ ಕಳಸಗಿತ್ತಿ ಅಂದ್ಕೊಳ್ಳಿ. ಮಾಮೂಲಿ ಎಲ್ಲರಿಗಿಂತ ಮುಂದೆ ಅವಳೇ. ಸಚ್, ವಾಟ್, ಮೆನಿ, ಇವರು ವಾಲಗದೋರು. ಬಂದ್ರೆ ಕಳಸಗಿತ್ತಿಗೂ ಮುಂದೆ.”

ರವೀಂದ್ರ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. “ಸರಿ. ಬಾಯಿಪಾಠ ಬೇಡ. ಸಚ್ ಹಾಕಿ ಯಾರಾದ್ರೂ ಹೊಸದೊಂದು ಹೇಳಿ.”

ಮುಂದಿನ ಬೆಂಚು ತುಟಿ ಪಿಟಕ್ ಅನ್ನಲಿಲ್ಲ. ಪಾಪ, ಅವರಿಗೆ ಕೊಟ್ಟಿದ್ದು ಒಂದೊಂದೇ ವಾಕ್ಯ. ಆಗ ಹಿಂದಿನಿಂದ ಸಣ್ಣ ದನಿ ಬಂತು.

“ಮಿಸ್, ಈಗ್ಲೂ ನಾನು ಕೈ ಎತ್ಬಾರ್ದಾ?”

ಸೌಜನ್ಯ. ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡು ಕೂತಿದ್ದಳು.

ಸಾಹೇಬರು ಹುಡುಗಿಯನ್ನು ನೋಡಿದರು, ಆಮೇಲೆ ಆಶಾರಾಣಿಯನ್ನು. “ಏನ್ ಹಂಗಂದ್ರೆ?”

ಏನೋ ಹುಡುಗಾಟ ಸಾರ್ ಅಂದುಬಿಟ್ಟರೆ ಮುಗಿದುಹೋಗುತ್ತಿತ್ತು. ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಆ ಅದುಮಿದ ಕೈಗಳನ್ನು ನೋಡಿ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

“ಕೈ ಎತ್ತಬೇಡ ಅಂತ ನಾನೇ ಹೇಳಿದ್ದೆ ಸಾರ್. ನನ್ನ ಮರ್ಯಾದೆ ಹೋಗುತ್ತೆ ಅಂತ.” ಆಮೇಲೆ ಹುಡುಗಿಯ ಕಡೆ ತಿರುಗಿದಳು. “ಎತ್ತು ಕಣವ್ವ, ಎತ್ತು.”

ಸೌಜನ್ಯ ಕೈ ಎತ್ತಲಿಲ್ಲ, ಎದ್ದೇ ನಿಂತಳು. “ದಿವ್ಯಾ ಈಸ್... ಸಚ್ ಎ ಗುಡ್ ಕಳಸಗಿತ್ತಿ.”

ಕ್ಲಾಸು ಗೊಳ್ಳೆಂದಿತು. ರವೀಂದ್ರರಿಗೂ ನಗು ತಡೆಯಲಾಗಲಿಲ್ಲ. ಆದರೆ ಏಳುವಾಗ ಮುಖ ಗಂಟಾಗಿತ್ತು. “ಪಾಠ ನೋಡಿದೆ, ತಾಲೀಮೂ ನೋಡಿದೆ. ಎರಡನ್ನೂ ಬರೀಬೇಕಾಗುತ್ತೆ ಮೇಡಂ. ಆಮೇಲಿಂದು ನನ್ನ ಕೈಲಿಲ್ಲ.”

ಅವರು ಹೋದ ಮೇಲೆ ಆಶಾರಾಣಿ ಮೇಜು ಹಿಡಿದುಕೊಂಡು ನಿಂತಳು. “ಸೌಜನ್ಯ, ಚೀಲ ತಗೊಂಡು ಮುಂದೆ ಬಾ” ಎಂದಳು.

ಹುಡುಗಿ ಓಡಿಬಂದು ಮಾನಸಾಳನ್ನು ಸರಿಸಿ, ಬೆಂಚಿನ ತುದಿಯಲ್ಲಿ ಕೂತಳು. “ಬರೋ ವರ್ಷಾನೂ ಇಲ್ಲೇ ಕೂತ್ಕೊಳ್ಳದಾ ಮಿಸ್?”

“ಊಂ, ಇಲ್ಲೇ ಕೂತ್ಕೊ. ಯಾರಾದ್ರೂ ಹಿಂದಕ್ಕೆ ಹೋಗು ಅಂದ್ರೆ, ಹೋಗಬೇಡ.”

“ನೀವಲ್ದೆ ಇನ್ಯಾರ್ ಹಂಗಂತಾರೆ ಮಿಸ್?”

ಆಶಾರಾಣಿ ಬೋರ್ಡಿನ ಕಡೆ ತಿರುಗಿ, ಒರೆಸಿದ್ದ ಜಾಗವನ್ನೇ ಮತ್ತೆ ಒರೆಸಿದಳು.