ಮುಟ್ಟದೆ ಕಳಿಸಿದ ಕಾಲು

ಆರು ವಾರ ಪ್ಲಾಸ್ಟರಿನೊಳಗಿದ್ದ ಬಲಗಾಲನ್ನು ಎಳೆದುಕೊಂಡು ತೌನೊ ಮೆಟ್ಟಿಲು ಹತ್ತಿ ಬಂದಾಗ ಹಿಲ್ಕ ಮಸಾಜಿನ ಮಂಚದ ಮೇಲೆ ಒಗೆದ ಬಟ್ಟೆ ಹಾಸುತ್ತಿದ್ದಳು. ಗುರುವಾರ, ಬೆಳಗಿನ ಹತ್ತು ಗಂಟೆ. ಹನ್ನೊಂದು ವರ್ಷದಿಂದ ಆ ಹೊತ್ತು ತೌನೊನದೇ. ಕಿವಿಸಾಲ್ಮಿಯ ಮರದ ಕಾರ್ಖಾನೆಯಲ್ಲಿ ನಲವತ್ತು ವರ್ಷ ದಿಮ್ಮಿ ಹೊರಳಿಸಿ ಬೆನ್ನು ಬಾಗಿಸಿಕೊಂಡವನು, ವಾರಕ್ಕೊಮ್ಮೆ ಹಿಲ್ಕನ ಕೈಯಿಂದ ಆ ಬೆನ್ನನ್ನು ನೆಟ್ಟಗೆ ಮಾಡಿಸಿಕೊಂಡು ಹೋಗುತ್ತಿದ್ದ. ಜನವರಿಯಲ್ಲಿ ಸರೋವರದ ಮಂಜುಗಡ್ಡೆ ಕೊರೆದು ಮೀನು ಹಿಡಿಯಲು ಹೋಗಿ, ಜಾರಿ ಕಾಲಿನ ಹರಡು ಮುರಿದುಕೊಂಡಿದ್ದ.

“ಬಂದೆ ಕಣೆ, ಇನ್ನೂ ಸತ್ತಿಲ್ಲ,” ಎಂದು ಏದುಸಿರು ಬಿಡುತ್ತ ಮಂಚದ ಅಂಚಿಗೆ ಕೂತ. “ಇವತ್ತು ಬೆನ್ನು ಬಿಡು. ಈ ಮೀನಖಂಡ ನೋಡು, ಕಲ್ಲಾಗಿಬಿಟ್ಟಿದೆ. ಮೊಣಕೈ ಊರಿ ಅರ್ಧ ಗಂಟೆ ಚೆನ್ನಾಗಿ ತಿಕ್ಕಿಬಿಡು.”

“ತಾಳು. ಮೊದಲು ಎರಡು ಮಾತು ಕೇಳ್ಬೇಕು.”

“ಶುರುವಾಯ್ತಪ್ಪ ಪೊಲೀಸ್ ವಿಚಾರಣೆ!”

ಕೇಳದೆ ಮೈಗೆ ಕೈ ಹಚ್ಚುವವಳಲ್ಲ ಹಿಲ್ಕ. ಕುವೊಪಿಯೊ ನಗರದಲ್ಲಿ ಮಸಾಜಿನ ವಿದ್ಯೆ ಓದಿ ಪ್ರಮಾಣಪತ್ರ ಪಡೆದ ಮೇಲೆ ಮೂವತ್ತು ವರ್ಷದಿಂದ ಇದೇ ಅವಳ ಪದ್ಧತಿ. ಬಸುರಿಯನ್ನು ಪಕ್ಕಕ್ಕೆ ಮಲಗಿಸಿಯೇ ನೀವುತ್ತಿದ್ದಳು. ಎಲುಬು ಸವೆದ ಮುದುಕಿಯರ ಬೆನ್ನನ್ನು ತಟ್ಟುತ್ತಲೇ ಇರಲಿಲ್ಲ. ಸ್ತನ ತೆಗೆಸಿಕೊಂಡು ತೋಳು ಬಾತ ಹೆಂಗಸರಿಗೆ ಗರಿ ಸವರಿದಷ್ಟೇ ಹಗುರ. ಜ್ವರ ಬಂದವರಿಗೆ ಒಂದು ಲೋಟ ಬ್ಲೂಬೆರಿ ರಸ ಕುಡಿಸಿ ಮನೆಗೆ ಕಳಿಸುವುದು. ಊರಿನವರು ಅವಳ ಬೆನ್ನ ಹಿಂದೆ ಅವಳನ್ನು ‘ಕಾಗದದ ಹಿಲ್ಕ’ ಎನ್ನುತ್ತಿದ್ದರು.

“ಪ್ಲಾಸ್ಟರ್ ಹಾಕಿದಾಗ ಹೊಟ್ಟೆಗೆ ಚುಚ್ಕೊಳ್ಳೋ ಸೂಜಿ ಕೊಟ್ಟಿದ್ರಲ್ಲ, ನೆತ್ತರು ಗಟ್ಟಿಯಾಗದ ಹಾಗೆ. ಎಲ್ಲ ಚುಚ್ಕೊಂಡ್ಯಾ?”

“ಚುಚ್ಕೊಂಡೆ, ಚುಚ್ಕೊಂಡೆ,” ಎಂದ ತೌನೊ ಕಿಟಕಿ ನೋಡುತ್ತ.

ಹಿಲ್ಕ ಅವನ ಪ್ಯಾಂಟಿನ ಕಾಲನ್ನು ಮೊಣಕಾಲಿನ ತನಕ ಸರಿಸಿದಳು. ಆರು ವಾರ ಕಟ್ಟಿನಲ್ಲಿದ್ದ ಕಾಲು ಸೊರಗಿರಬೇಕಿತ್ತು. ಇದು ಉಬ್ಬಿತ್ತು. ಚರ್ಮ ಬಿಗಿದು ಹೊಳೆಯುತ್ತಿತ್ತು. ಕೈಯ ಹಿಂಬದಿಯನ್ನು ಮೆಲ್ಲಗೆ ಸೋಕಿಸಿದಳು, ಎಡಗಾಲು ತಣ್ಣಗಿದ್ದರೆ ಬಲಗಾಲು ಈಗಷ್ಟೇ ಒಲೆಯ ಪಕ್ಕದಿಂದ ಎದ್ದು ಬಂದಂತೆ ಬಿಸಿ. ಟೇಪು ತಂದು ಅಳೆದಳು. ಮೂರೂವರೆ ಸೆಂಟಿಮೀಟರ್ ಹೆಚ್ಚು. ಟೇಪು ಸುತ್ತಿಟ್ಟು ಎದ್ದು ನಿಂತಳು.

“ಈ ಕಾಲು ನಾನು ಮುಟ್ಟಲ್ಲ ತೌನೊ. ಒಳಗೆ ನೆತ್ತರು ಹೆಪ್ಪುಗಟ್ಟಿರಬಹುದು. ತಿಕ್ಕಿದ್ರೆ ಆ ಹೆಪ್ಪು ಕಿತ್ಕೊಂಡು ಎದೆಗೆ ಹೋಗುತ್ತೆ. ಈಗಲೇ ಆರೋಗ್ಯ ಕೇಂದ್ರಕ್ಕೆ ಹೋಗು. ಇಲ್ಲಿಂದ ನೇರ.”

“ಇರಬಹುದು, ಹೋಗಬಹುದು! ನಲವತ್ತು ವರ್ಷ ದುಡಿದ ಕಾಲು ಇದು. ಸೌನಾ, ಸಾರಾಯಿ, ಡಾಂಬರು, ಇವು ಮೂರಕ್ಕೂ ಬಗ್ಗದ ಕಾಯಿಲೆ ಅಂದ್ರೆ ಸಾವೇ ಅಂತ ನಮ್ಮಜ್ಜ ಹೇಳ್ತಿದ್ದ. ನಾನಿನ್ನೂ ಡಾಂಬರಿನ ತನಕ ಬಂದಿಲ್ಲ.”

“ತಮಾಷೆ ಅಲ್ಲ. ನಾನೇ ಫೋನ್ ಮಾಡಿ ಆಂಬುಲೆನ್ಸ್ ಕರೀಲಾ?”

“ಕರೆದು ನೋಡು, ಕಿಟಕಿಯಿಂದ ಹಾರ್ತೀನಿ.” ಅವನು ಪ್ಯಾಂಟು ಇಳಿಸಿಕೊಂಡು ಬೂಟಿಗೆ ಕಾಲು ತುರುಕಿದ. ನೋವಿಗೆ ಮುಖ ಕಿವಿಚಿತು, ಅದೇ ನೋವು ಮಾತಾಯಿತು. “ಲೆಂಪಿ ಆಗಿದ್ರೆ ಇಷ್ಟು ಹೊತ್ತಿಗೆ ತಿಕ್ಕಿ ಕಳಿಸಿರ್ತಿದ್ಲು. ಕೈಗುಣ ಅಂದ್ರೆ ಅವಳದ್ದು. ನಿಮ್ಮಮ್ಮನ ಕೈ ಅವಳಿಗೆ ಬಂತು, ನಿನಗೆ ಬರೀ ಕಾಗದ ಬಂತು.”

ಲೆಂಪಿ ಹಿಲ್ಕನ ತಂಗಿ. ಅಕ್ಕತಂಗಿಯರು ಮಾತು ಬಿಟ್ಟು ಎರಡು ವರ್ಷವಾಗಿತ್ತು. ಅವರ ತಾಯಿ ಮನೆಯ ಸೌನಾದಲ್ಲಿ, ಆ ಬಿಸಿ ಹಬೆಯ ಕೋಣೆಯಲ್ಲಿ, ಕೂರಿಸಿ ಕೊಂಬು ಹಚ್ಚಿ ಕೆಟ್ಟ ನೆತ್ತರು ತೆಗೆಯುತ್ತಿದ್ದವಳು, ಉಳುಕಿಗೂ ಬೆನ್ನಿಗೂ ಮೂರು ಊರಿನವರು ಹುಡುಕಿಕೊಂಡು ಬರುತ್ತಿದ್ದವಳು. ಹಿಲ್ಕ ಓದಲು ಹೋದಳು, ಲೆಂಪಿ ತಾಯಿಯ ಪಕ್ಕದಲ್ಲೇ ನಿಂತು ಕಲಿತಳು. ಅವಳು ಏನನ್ನೂ ಕೇಳುತ್ತಿರಲಿಲ್ಲ, ಮೊಣಕೈಯೂರಿ ಗಂಟು ಬಿಡಿಸಿ ಕಳಿಸುತ್ತಿದ್ದಳು. ಎರಡು ವರ್ಷದ ಹಿಂದೆ ಆ ಮೊಣಕೈಯ ಕೆಳಗೆ ಒಬ್ಬ ಮುದುಕಿಯ ಪಕ್ಕೆಲುಬು ಬಿರುಕು ಬಿಟ್ಟಿತು. ಹಿಲ್ಕ ಅಂಗಡಿಯಲ್ಲಿ ನಾಲ್ಕು ಜನರೆದುರು, “ಕಲಿಯದ ಕೈಗೆ ಮೈ ಕೊಟ್ಟರೆ ಇನ್ನೇನಾಗುತ್ತೆ?” ಎಂದಿದ್ದಳು. ಆ ಮಾತು ಸಂಜೆಯೊಳಗೆ ಲೆಂಪಿಯ ಮನೆ ತಲುಪಿತ್ತು.

ತೌನೊನ ಮಾತು ಸರಿಯಾದ ಕಡೆಯೇ ಚುಚ್ಚಿತು. ಹಿಲ್ಕನ ಬಾಯಿಂದ ಉತ್ತರ ತಾನಾಗಿ ಬಂತು:

“ಹಾಗಾದ್ರೆ ಎಲ್ಲಿಗೆ ಬೇಕಾದ್ರೂ ಹೋಗು.”

ಬಾಗಿಲ ಹೊರಗೆ ಮುಂದಿನವಳು, ಏಳು ತಿಂಗಳ ಬಸುರಿ ಟೀಚರು, ಕಾಯುತ್ತಿದ್ದಳು. ಹಿಲ್ಕ ಕಿಟಕಿಯಿಂದ ನೋಡಿದಳು. ಆರೋಗ್ಯ ಕೇಂದ್ರಕ್ಕೆ ಹೋಗುವುದಾದರೆ ತೌನೊನ ಕಾರು ಬಲಕ್ಕೆ ತಿರುಗಬೇಕಿತ್ತು. ಅದು ಎಡಕ್ಕೆ ತಿರುಗಿತು. ಎಡಗಡೆ ಅವನ ಮನೆ, ಅದರಾಚೆ ಲೆಂಪಿಯ ಮನೆ. ಅವನ ಹೆಂಡತಿ ಪಿರ್ಕೊಗೆ ಒಂದು ಫೋನು ಮಾಡಬೇಕು ಎಂದುಕೊಂಡಳು. ಟೀಚರದು ಮುಗಿದ ಮೇಲೆ ಮಾಡೋಣ, ಊಟವಾದ ಮೇಲೆ ಮಾಡೋಣ ಎಂದುಕೊಂಡಳು. ಲೆಂಪಿಗೂ ಒಂದು ಮಾತು ಹೇಳಬೇಕು ಎಂಬ ಯೋಚನೆ ಬಂದಾಗ ಮಾತ್ರ, ‘ನಾನ್ಯಾಕೆ ಮೊದಲು ಮಾಡಲಿ?’ ಎಂದು ಮನಸ್ಸು ಸೆಟೆದುಕೊಂಡಿತು. ಸಂಜೆಯಾಯಿತು. ಶುಕ್ರವಾರ ಏಳು ಜನ ಬಂದುಹೋದರು.

ಶನಿವಾರ ಹನ್ನೊಂದು ಗಂಟೆಗೆ ಫೋನು ಬಡಿದುಕೊಂಡಿತು. ಎರಡು ವರ್ಷದ ಮೇಲೆ ಲೆಂಪಿಯ ದನಿ.

“ಹಿಲ್ಕ, ತೌನೊ ಹೋಗಿಬಿಟ್ಟ. ಇವತ್ತು ಬೆಳಿಗ್ಗೆ ಗಂಜಿ ತಿನ್ನೋವಾಗ.”

ಹಿಲ್ಕ ಕೋಟಿನ ಗುಂಡಿ ಹಾಕುವುದನ್ನೂ ಮರೆತು ಕಾರು ಹತ್ತಿದಳು. ಲೆಂಪಿ ಅಡುಗೆಮನೆಯಲ್ಲಿ ಎರಡೂ ಕೈ ಮೇಜಿನ ಮೇಲಿಟ್ಟು ಕೂತಿದ್ದಳು. ತಾಯಿಯದೇ ಕೈ: ಅಗಲ ಅಂಗೈ, ಮೊಂಡು ಬೆರಳು.

“ನಿನ್ನೆ ಮೂರು ಗಂಟೆಗೆ ಬಂದಿದ್ದ,” ಎಂದಳು ಲೆಂಪಿ, ಕಣ್ಣೆತ್ತದೆ. “ಸೌನಾ ಕಾಯಿಸಿದ್ದೆ. ಮೀನಖಂಡ ಗಟ್ಟಿಯಾಗಿತ್ತು, ಪ್ಲಾಸ್ಟರಿನಿಂದ ಅಂದ. ಹರಡಿನಿಂದ ಮೇಲಕ್ಕೆ ಹೆಬ್ಬೆರಳಲ್ಲಿ ಒತ್ಕೊಂಡು ಹೋದೆ, ಆಮೇಲೆ ಮೊಣಕೈ. ಕೂಗಿಕೊಂಡ. ನೋವಿದ್ರೇನೇ ಗಂಟು ಬಿಡೋದು ಅಂದೆ ನಾನು. ಕೊನೆಗೆ ಹಗುರ ಆಯ್ತು ಅಂತ ನಕ್ಕ ಕಣೆ. ಹೋಗೋವಾಗ ಒಂದು ಹೊಗೆಮೀನು ಕೊಟ್ಟು ಹೋದ.” ಮೀನು ಇನ್ನೂ ಕಾಗದ ಬಿಚ್ಚದೆ ಒಲೆಯ ಪಕ್ಕ ಇತ್ತು. “ಆಂಬುಲೆನ್ಸಿನವರು ಶ್ವಾಸಕೋಶಕ್ಕೆ ಏನೋ ಅಡ್ಡ ಬಿತ್ತು ಅಂದ್ರಂತೆ. ಕಾಲಿಂದ ಹೋಗಿದ್ದಂತೆ.”

ಹಿಲ್ಕ ಕುರ್ಚಿ ಎಳೆದು ಎದುರಿಗೆ ಕೂತಳು.

“ಗುರುವಾರ ಅವನು ನಿನ್ನ ಹತ್ರ ಬರೋ ದಿನ ಅಲ್ವಾ?” ಲೆಂಪಿ ಈಗ ತಲೆಯೆತ್ತಿ ನೋಡಿದಳು. “ಬಂದಿದ್ನಾ?”

“ಇಲ್ಲ,” ಎಂದಳು ಹಿಲ್ಕ.

ಯಾಕೆ ಹಾಗೆಂದೆ ಎಂದು ಮನೆಗೆ ಮರಳುವ ದಾರಿಯುದ್ದಕ್ಕೂ ತನ್ನನ್ನೇ ಕೇಳಿಕೊಂಡಳು. ಆ ಕ್ಷಣಕ್ಕೆ ಅದು ತಂಗಿಯ ಮೇಲಿನ ಕನಿಕರ ಎನಿಸಿತ್ತು. ಮನೆ ಸೇರುವಷ್ಟರಲ್ಲಿ, ಕನಿಕರ ತನ್ನ ಮೇಲೆಯೇ ಇದ್ದದ್ದು ಎಂದು ಅವಳಿಗೆ ಗೊತ್ತಾಗಿತ್ತು.

ಸೋಮವಾರ ಪೊಲೀಸ್ ಠಾಣೆಯಿಂದ ಒಬ್ಬ ಹೆಂಗಸು ಫೋನು ಮಾಡಿದಳು. ತೌನೊನ ಗೋಡೆಯ ಕ್ಯಾಲೆಂಡರಿನಲ್ಲಿ ಗುರುವಾರ ಹತ್ತಕ್ಕೆ ಹಿಲ್ಕನ ಹೆಸರಿತ್ತು. ಹಿಲ್ಕ ಎಲ್ಲವನ್ನೂ ಹೇಳಿದಳು: ಊತ, ಬಿಸಿ, ಟೇಪು, ತಾನು ಮುಟ್ಟದೆ ಕಳಿಸಿದ್ದು.

“ನೀವು ಮಾಡಬೇಕಾದ್ದನ್ನೇ ಮಾಡಿದ್ದೀರಿ,” ಎಂದಳು ಆಕೆ. ಬೈದಿದ್ದರೂ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಪೊಲೀಸರ ಬಾಯಿಂದ ಲೆಂಪಿಗೆ ತಿಳಿಯುವ ಮೊದಲೇ ತಾನು ಹೇಳಬೇಕೆಂದು ಅವತ್ತೇ ಮಧ್ಯಾಹ್ನ ಹೋದಳು. ಲೆಂಪಿ ಸೌನಾದ ಹಲಗೆಗಳನ್ನು ಸೋಪುನೀರಿನಲ್ಲಿ ಉಜ್ಜುತ್ತಿದ್ದಳು. ಹಿಲ್ಕ ಬಾಗಿಲಲ್ಲೇ ನಿಂತು ಹೇಳಿದಳು.

“ಬಂದಿದ್ದ. ಗುರುವಾರ ನನ್ನ ಹತ್ರ ಬಂದಿದ್ದ. ಕಾಲು ನೋಡಿದೆ. ಹೆಪ್ಪು ಅಂತ ಅನಿಸ್ತು, ಮುಟ್ಟಲಿಲ್ಲ. ಆರೋಗ್ಯ ಕೇಂದ್ರಕ್ಕೆ ಹೋಗು ಅಂದೆ. ನಿನ್ನ ಹೆಸರು ಎತ್ತಿದ. ನನಗೆ ಸಿಟ್ಟು ಬಂತು. ಎಲ್ಲಿಗೆ ಬೇಕಾದ್ರೂ ಹೋಗು ಅಂದುಬಿಟ್ಟೆ.”

ಉಜ್ಜುತ್ತಿದ್ದ ಬ್ರಷ್ಷು ನಿಂತಿತು.

“ನನ್ನ ಹತ್ರ ಬರ್ತಾನೆ ಅಂತ ನಿನಗೆ ಗೊತ್ತಿತ್ತು.”

“ಅನುಮಾನ ಇತ್ತು.”

“ಗೊತ್ತಿತ್ತು.”

“ಹೂಂ. ಗೊತ್ತಿತ್ತು.”

ಲೆಂಪಿ ಬ್ರಷ್ಷನ್ನು ಬಕೆಟಿನ ನೀರಿಗೆ ಬಿಟ್ಟಳು. ಆಮೇಲೆ, ಕೂಗದೆ, ಹವಾಮಾನದ ಮಾತಾಡುವಷ್ಟೇ ಮೆಲ್ಲಗೆ ಹೇಳಿದಳು: “ನನ್ನ ಫೋನ್ ನಂಬರ್ ಬದಲಾಗಿಲ್ಲ ಹಿಲ್ಕ. ಅಮ್ಮ ಇದ್ದಾಗಿನ ನಂಬರೇ. ಒಂದು ಮಾತು ಸಾಕಿತ್ತು. ಬೈದಾದ್ರೂ ಹೇಳಬಹುದಿತ್ತು, ‘ಕಲಿಯದವಳೇ, ಆ ಕಾಲು ಮುಟ್ಟಬೇಡ’ ಅಂತ.”

“ಲೆಂಪಿ…”

“ಅವನನ್ನ ಕೊಂದ ಕೈ ನನ್ನದು. ಅದನ್ನ ನಾನು ಯಾರಿಗೂ ಹಂಚಲ್ಲ. ಆದ್ರೆ ನೀನು ಶನಿವಾರ ಇದೇ ಮನೇಲಿ ಕೂತು ಇಲ್ಲ ಅಂದ್ಯಲ್ಲ. ಹೋಗು ಈಗ.”

ಹಿಲ್ಕ ಹೋದಳು.

ಮೇ ತಿಂಗಳಲ್ಲಿ ಕೇಸು ಮುಚ್ಚಿತು. ತಿಕ್ಕದಿದ್ದರೂ ಆ ಹೆಪ್ಪು ಕಿತ್ತು ಹೋಗುತ್ತಿತ್ತೋ ಏನೋ ಯಾರೂ ಹೇಳಲಾರರು ಎಂದು ವೈದ್ಯರು ಬರೆದುಕೊಟ್ಟರು. ಲೆಂಪಿಗೆ ಶಿಕ್ಷೆಯಾಗಲಿಲ್ಲ. ಅಷ್ಟರಲ್ಲಿ ಅವಳು ಸೌನಾದ ಮಸಾಜು ನಿಲ್ಲಿಸಿ, ತಾಯಿಯ ಕೊಂಬುಗಳನ್ನು ಸರೋವರಕ್ಕೆ ಎಸೆದು, ಪಕ್ಕದ ಪೇಟೆಯಲ್ಲಿ ಮೀನು ಸೀಳುವ ಕೆಲಸಕ್ಕೆ ಸೇರಿಕೊಂಡಿದ್ದಳು.

ಹಿಲ್ಕ ಪಿರ್ಕೊನ ಮನೆಗೆ ಹೋಗಲು ಧೈರ್ಯ ಮಾಡಿದ್ದು ಜೂನಿನಲ್ಲಿ. ಪಿರ್ಕೊ ಕಾಫಿ ಕಾಯಿಸಿ, ಏಲಕ್ಕಿ ಬ್ರೆಡ್ಡು ಕೊಯ್ದಿಟ್ಟಳು. ಗಂಡ ಸತ್ತ ಮೇಲೆ ತುಂಬ ತೆಳ್ಳಗಾಗಿದ್ದಳು. ಹಿಲ್ಕ ಇಲ್ಲಿಯೂ ಗುರುವಾರದ ಮಾತನ್ನೆಲ್ಲ ಹೇಳಿದಳು, ‘ಎಲ್ಲಿಗೆ ಬೇಕಾದ್ರೂ ಹೋಗು’ ಎಂದದ್ದನ್ನೂ ಬಿಡದೆ.

ಪಿರ್ಕೊ ಎದ್ದು ಫ್ರಿಜ್ಜಿನ ಬಾಗಿಲು ತೆಗೆದು, ಬೆಣ್ಣೆ ಡಬ್ಬಿಯ ಹಿಂದಿನಿಂದ ಒಂದು ಪೆಟ್ಟಿಗೆ ತಂದಿಟ್ಟಳು. ಒಳಗೆ ಸಾಲಾಗಿ ಸೂಜಿಗಳು. “ಮೂವತ್ತೆಂಟು,” ಎಂದಳು. “ನಾಲ್ಕು ದಿನ ಚುಚ್ಕೊಂಡ, ಆಮೇಲೆ ಹೊಟ್ಟೆ ನೀಲಿ ಆಗುತ್ತೆ ಅಂತ ಬಿಟ್ಟ. ಇವು ಇಲ್ಲಿರೋದು ನನಗೆ ಗೊತ್ತಿತ್ತು. ಮಕ್ಕಳಿಗೆ ಹೇಳಿದ ಹಾಗೆ ಹೇಳೋದು ಬೇಡ ಅಂತ ಸುಮ್ಮನಿದ್ದೆ. ಗುರುವಾರ ಮನೆಗೆ ಬಂದು ನಿನ್ನ ಆಡ್ಕೊಂಡು ನಕ್ಕ. ನಾನೂ ನಕ್ಕೆ. ‘ಕಾಗದದವಳು ಬೇಡ, ಲೆಂಪಿ ಹತ್ರ ಹೋಗು’ ಅಂದಿದ್ದು ನಾನೇ.” ಪೆಟ್ಟಿಗೆಯನ್ನು ಮತ್ತೆ ಅದೇ ಜಾಗಕ್ಕೆ ಇಟ್ಟಳು. “ಎಸೆಯೋಕೆ ಆಗ್ತಿಲ್ಲ.”

ಇಬ್ಬರೂ ಕಾಫಿ ಮುಗಿಸಿದರು. ಯಾರೂ ಯಾರನ್ನೂ ಸಮಾಧಾನ ಮಾಡಲಿಲ್ಲ.

ಅಕ್ಟೋಬರಿನಲ್ಲಿ ಊರಿನ ವಯಸ್ಕರ ಶಾಲೆಯವರು ಹಿಲ್ಕನನ್ನು ಕರೆದರು. ಮನೆಯಲ್ಲಿ ಕೈಮಸಾಜು ಮಾಡುವವರು, ಮುದುಕ ತಂದೆತಾಯಿಯ ಕಾಲು ತಿಕ್ಕುವವರು, ಎಲ್ಲರಿಗೂ ಒಂದು ಮಧ್ಯಾಹ್ನ ತಿಳಿಹೇಳಬೇಕಂತೆ. ಹದಿನಾರು ಜನ ಬಂದಿದ್ದರು. ಹಿಲ್ಕ ತೋರಿಸಿದಳು: ನೀವುವುದು ಹೇಗೆ, ಹಿಚುಕುವುದು ಹೇಗೆ, ಆಟಗಾರನ ತೊಡೆಗೆ ಹಾಕುವ ಬಲವನ್ನು ಮುದುಕನ ತೊಡೆಗೆ ಯಾಕೆ ಹಾಕಬಾರದು, ನೆತ್ತರು ತೆಳ್ಳಗಾಗುವ ಮಾತ್ರೆ ನುಂಗುವವರಿಗೆ ಮೊಣಕೈ ಯಾಕೆ ಕೂಡದು, ಕತ್ತಿನ ಮುಂಭಾಗವನ್ನು ಯಾಕೆ ಒತ್ತಬಾರದು. ನಡುವೆ ಬಾಗಿಲು ತೆರೆಯಿತು. ಲೆಂಪಿ ಬಂದು ಹಿಂದಿನ ಬೆಂಚಿನಲ್ಲಿ ಕೋಟು ತೆಗೆಯದೆ ಕೂತಳು.

ಹಿಲ್ಕ ಅವಳನ್ನು ನೋಡಿದಳು. ಆಮೇಲೆ ಒಂದೇ ಕಾಲು ಬಾತು, ಬಿಸಿಯಾಗಿ, ನೋಯುತ್ತಿದ್ದರೆ ಏನು ಅರ್ಥ ಎಂದು ಹೇಳಿದಳು.

ಮುಂದೆ ಕೂತಿದ್ದ ಹೆಂಗಸೊಬ್ಬಳು ಕೈಯೆತ್ತಿದಳು. “ಅಂಥವರನ್ನ ಮುಟ್ಟದೆ ಡಾಕ್ಟರ ಹತ್ರ ಹೋಗಿ ಅಂದ್ರೆ ನಮ್ಮ ಕೆಲಸ ಮುಗೀತಲ್ವಾ?”

“ಮುಗಿಯಲ್ಲ,” ಎಂದಳು ಹಿಲ್ಕ. “ಮುಗೀತು ಅಂದ್ಕೊಂಡು ನಾನೊಬ್ಬನ್ನ ಕಳ್ಕೊಂಡೆ. ಕೋಪ ಮಾಡ್ಕೊಂಡ್ರೂ ಬಿಡಬೇಡಿ. ಮನೆಯವರಿಗೆ ಫೋನ್ ಮಾಡಿ, ಆಂಬುಲೆನ್ಸ್ ಕರೀರಿ. ಅವರು ಮುಂದೆ ಯಾರ ಹತ್ರ ಹೋಗ್ತಾರೆ ಅಂತ ಗೊತ್ತಿದ್ರೆ ಅವರಿಗೂ ಹೇಳಿ. ಜಗಳ ಇದ್ರೂ ಹೇಳಿ.”

ಕಿವಿಸಾಲ್ಮಿ ಸಣ್ಣ ಊರು. ಯಾರ ಮಾತೆಂದು ಎಲ್ಲರಿಗೂ ಗೊತ್ತಿತ್ತು. ಒಬ್ಬಿಬ್ಬರು ಹಿಂದೆ ತಿರುಗಿ ನೋಡಿದರು. ಆಗ ಲೆಂಪಿ ಕೂತಲ್ಲಿಂದಲೇ, “ಆ ಕಾಲು ತಿಕ್ಕಿದ್ದು ನಾನು,” ಎಂದಳು. “ಬಿಸಿ ನನ್ನ ಕೈಗೂ ತಾಗಿತ್ತು. ಸೌನಾದ ಬಿಸಿ ಅಂದ್ಕೊಂಡೆ. ಸೌನಾದೊಳಗೆ ಕಾಲಿನ ಬಿಸಿ ಗೊತ್ತಾಗಲ್ಲ. ಹೊರಗೆ ನೋಡಿ, ಎರಡೂ ಕಾಲು ನೋಡಿ. ಆಮೇಲೆ ಕೇಳಿ.” ಅಷ್ಟು ಹೇಳಿ ಕೈಗಳನ್ನು ಕೋಟಿನ ಜೇಬಿಗೆ ಇಳಿಸಿದಳು.

ಎಲ್ಲರೂ ಹೋದ ಮೇಲೆ ಲೆಂಪಿ ಬಸ್ ನಿಲ್ದಾಣದಲ್ಲಿ ನಿಂತಿದ್ದಳು. ವರ್ಷದ ಮೊದಲ ಹಿಮ, ನೆಲಕ್ಕೆ ಬೀಳುತ್ತಲೇ ಕರಗುತ್ತಿತ್ತು. ಹಿಲ್ಕ ಕಾರು ನಿಲ್ಲಿಸಿ ಬಾಗಿಲು ತೆಗೆದಳು. ಲೆಂಪಿ ಸ್ವಲ್ಪ ಹೊತ್ತು ಯೋಚಿಸಿ ಹತ್ತಿದಳು. ದಾರಿಯಲ್ಲಿ, ಹಿಮದಲ್ಲಿ ಜಾರದ ಚಳಿಗಾಲದ ಟೈರು ಹಾಕಿಸಿದೆಯಾ ಎಂದು ಕೇಳಿದಳು. ಇನ್ನೂ ಇಲ್ಲ ಎಂದಳು ಹಿಲ್ಕ. ಮೀನಿನ ಮಂಜುನೀರಿನಲ್ಲಿ ದಿನವಿಡೀ ಇದ್ದು ಲೆಂಪಿಯ ಗೆಣ್ಣುಗಳು ಕೆಂಪಗೆ ಊದಿಕೊಂಡಿದ್ದವು. ಬೆರಳು ಪೂರ್ತಿ ಮಡಚಲು ಬರುತ್ತಿರಲಿಲ್ಲ.

“ಕೈ ನೋಡ್ಲಾ?” ಎಂದಳು ಹಿಲ್ಕ, ಲೆಂಪಿಯ ಮನೆಯ ಮುಂದೆ ಕಾರು ನಿಲ್ಲಿಸಿ.

“ಬೇಡ.”

“ಡಾಕ್ಟರಿಗೆ ತೋರಿಸ್ತೀಯಾ?”

“ನೋಡೋಣ.”

“ನೋಡೋಣ ಅಲ್ಲ. ನಾಳೆ ಎಂಟಕ್ಕೆ ಬರ್ತೀನಿ, ಕರ್ಕೊಂಡು ಹೋಗ್ತೀನಿ. ಬೈದ್ರೂ ಬರ್ತೀನಿ.”

ಲೆಂಪಿ ಹೂಂ ಎನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ. ಇಳಿದು, ಮಡಚಲಾರದ ಬೆರಳುಗಳಿಂದ ಕಾರಿನ ಬಾಗಿಲನ್ನು ತಳ್ಳಿ ಮುಚ್ಚಿ, ಮನೆಯೊಳಗೆ ಹೋದಳು.